ಕಾಡಿನ ಕಥೆಗಳ ಹಳೆಯ ಹೊತ್ತಗೆಗಳು

ಹಳೆಯ ಪುಸ್ತಕಗಳನ್ನು ಕೂಡಿಹಾಕುವವರನ್ನು ಕಂಡರೆ ನಮ್ಮಲ್ಲಿ ಜನ ಎರಡು ಬಗೆಯಾಗಿ ನಗುತ್ತಾರೆ. ಹೊಸ ಮುದ್ರಣ ಕೈಗೆ ಸಿಕ್ಕುವಾಗ ಹುಳು ತಿಂದ ಪ್ರತಿ ಇವನಿಗೇಕೆ ಎಂದು ಓದುವವರು ನಗುತ್ತಾರೆ. ರದ್ದಿಗೆ ಹೋಗಬೇಕಾದ ಕಾಗದಕ್ಕೆ ಹಣ ಸುರಿಯುತ್ತಾನಲ್ಲ ಎಂದು ಓದದವರು ನಗುತ್ತಾರೆ. ನಾನು ಈ ಎರಡು ನಗೆಗೂ ನಲವತ್ತು ವರ್ಷಗಳಿಂದ ಒಗ್ಗಿಹೋದವನು. ಅದರಲ್ಲಿಯೂ ನಾನು ಸಂಗ್ರಹಿಸುತ್ತ ಬಂದದ್ದು ತಾಳೆಗರಿಗಳನ್ನಲ್ಲ, ಕಡತಗಳನ್ನಲ್ಲ. ಕಾಡು, ಬೇಟೆ, ಹುಲಿ, ಆನೆ ಇವುಗಳನ್ನು ಕುರಿತ ಇಂಗ್ಲಿಷ್ ಸಾಹಸಕಥೆಗಳ ಹಳೆಯ ಮುದ್ರಣಗಳನ್ನು. ಕನ್ನಡ ಎಂ.ಎ. ಮಾಡಿ, ಪಂಪ ರಾಘವಾಂಕರ ಪಾಠ ಹೇಳಿ ನಿವೃತ್ತನಾದವನಿಗೆ ಇಂಗ್ಲಿಷ್ ಸಾಹೇಬರ ಹುಲಿಕಥೆಗಳ ಗೊಡವೆ ಏತಕ್ಕೆಂದು ಮಿತ್ರರು ಕೇಳುವುದುಂಟು. ಆ ಪ್ರಶ್ನೆಗೆ ಉತ್ತರ ಹೇಳುವುದೇ ಈ ಭಾಷಣದ ಉದ್ದೇಶ.

ಮೊದಲಿಗೆ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಬೇಟೆಯ ವರ್ಣನೆ ಕನ್ನಡಕ್ಕೆ ಇಂಗ್ಲಿಷಿನಿಂದ ಬಂದುದಲ್ಲ. ರಾಘವಾಂಕನ ಹರಿಶ್ಚಂದ್ರಕಾವ್ಯದಲ್ಲಿ ಅರಸನನ್ನು ವಿಶ್ವಾಮಿತ್ರನ ಕಾಡಿಗೆ ಕೊಂಡೊಯ್ಯುವುದು ಬೇಟೆಯೇ. ಅಲ್ಲಿ ಬೇಡರುಂಟು, ನಾಯಿಗಳುಂಟು, ಬಲೆಗಳುಂಟು. ಮೃಗಗಳನ್ನು ಪೊದೆಯಿಂದ ಎಬ್ಬಿಸಿ ಅಟ್ಟುವ ಸೋಹು ಉಂಟು. ಹರಿಹರನ ಕಣ್ಣಪ್ಪ ಬೇಡನೇ ಅಲ್ಲವೇ? ನಮ್ಮ ಕವಿಗಳು ಬೇಟೆಯನ್ನು ಬಹುಜನರು ಕೂಡಿ ಮಾಡುವ ಕೆಲಸವೆಂದು ಕಂಡರು. ಅರಸನೊಬ್ಬನೇ ಅಲ್ಲಿ ಕಾಣುವುದಿಲ್ಲ. ಅವನ ಸುತ್ತಲಿನ ಬೇಡಪಡೆಯೂ ತನ್ನ ಮಾತು, ವೇಷ, ಗದ್ದಲಗಳೊಡನೆ ಕಾಣುತ್ತದೆ. ಈ ಕಾವ್ಯಗಳನ್ನು ಪಾಠ ಹೇಳಿದ ಕಣ್ಣಿನಿಂದಲೇ ನಾನು ಆ ಇಂಗ್ಲಿಷ್ ಪುಸ್ತಕಗಳನ್ನು ಓದಿದೆನು.

ಇಂಥ ಪುಸ್ತಕಗಳು ಬೆಳಗಾವಿಯಲ್ಲಿ ಸಿಕ್ಕುವುದಕ್ಕೆ ಇತಿಹಾಸದ ಕಾರಣವುಂಟು. ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಿಂದಲೂ ಇದು ದಂಡಿನ ಊರು. 1836ರಲ್ಲಿ ಪ್ರತ್ಯೇಕ ಜಿಲ್ಲೆಯ ಕೇಂದ್ರವಾಯಿತು. 1848ರಲ್ಲಿಯೇ ಇಲ್ಲಿ ಸಾರ್ವಜನಿಕ ವಾಚನಾಲಯ ಹುಟ್ಟಿಕೊಂಡಿತು. ಕ್ಯಾಂಪಿನ ಬಂಗಲೆಗಳಲ್ಲಿ ಇದ್ದ ಸೈನ್ಯಾಧಿಕಾರಿಗಳಿಗೆ ಖಾನಾಪುರದ ಕಾಡು ಒಂದು ದಿನದ ಕುದುರೆ ಸವಾರಿಯ ದೂರ. ಮುಂದೆ ಲೋಂಡಾದ ಮೇಲೆ ರೈಲು ಹಾಯ್ದ ಬಳಿಕ ಅದು ಇನ್ನೂ ಸಮೀಪವಾಯಿತು. ಬೇಟೆಗೆ ಹೋಗುವವನು ಬೇಟೆಯ ಪುಸ್ತಕ ಓದುವುದು ಸಹಜ. ವರ್ಗವಾದಾಗ ಬಂದೂಕನ್ನು ಜೊತೆಗೆ ಒಯ್ದು ಪುಸ್ತಕವನ್ನು ಹರಾಜಿಗೆ ಬಿಟ್ಟು ಹೋಗುವುದೂ ಸಹಜ. ಹಾಗೆ ಬಿಟ್ಟುಹೋದವು ವಕೀಲರ ಮನೆಗಳನ್ನು, ಶಾಲೆಗಳನ್ನು ಸೇರಿ, ಎರಡು ಮೂರು ತಲೆಮಾರುಗಳ ಬಳಿಕ ರದ್ದಿ ಅಂಗಡಿಗೆ ಬಂದವು. ನಾನು ಅವನ್ನು ಕೊಂಡದ್ದು ಅಲ್ಲಿಯೇ.

ರದ್ದಿಯವರು ನಾವು ತಿಳಿದುಕೊಂಡಷ್ಟು ಮುಗ್ಧರಲ್ಲ. ಕ್ಯಾಂಪಿನ ಕಡೆ ಒಂದು ಅಂಗಡಿಯಲ್ಲಿ ಜಿಮ್ ಕಾರ್ಬೆಟ್ಟನ ಪುಸ್ತಕವೊಂದನ್ನು ಹಳೆಯ ಪತ್ರಿಕೆಗಳ ಕಟ್ಟಿನೊಳಗಿನಿಂದ ಎಳೆದು ತೂಕಕ್ಕೆ ಇಟ್ಟಾಗ ಅಂಗಡಿಯ ಹಿರಿಯರು ತಕ್ಕಡಿಯಿಂದ ಅದನ್ನು ಎತ್ತಿಕೊಂಡು, “ಸರ್ರ, ಇದ್ರಾಗ ಹುಲಿ ಚಿತ್ರ ಐತ್ರಿ. ಇದನ್ನ ಕೆಜಿ ಲೆಕ್ಕದಾಗ ಕೊಡಾಕ ಬರೂದಿಲ್ಲ” ಎಂದರು. ನ್ಯಾಯವಾದ ಮಾತೇ. ನಾನು ಕೇಳಿದಷ್ಟು ಕೊಟ್ಟೆನು. ಅದು ‘ಮ್ಯಾನ್-ಈಟರ್ಸ್ ಆಫ್ ಕುಮಾಂವ್’ ಗ್ರಂಥದ ಯುದ್ಧಕಾಲದ ಮುಂಬಯಿ ಮುದ್ರಣ. ಮೊದಲ ಹಾಳೆಯಲ್ಲಿ ಒಂದು ಸೈನಿಕ ವಾಚನಾಲಯದ ಮಸುಕಾದ ಮುದ್ರೆ. ಒಳಗೆ ನೀಲಿ ಪೆನ್ಸಿಲಿನಲ್ಲಿ ಯಾರೋ ಗುರುತು ಹಾಕಿದ ಪುಟಗಳು.

ಈ ಪುಸ್ತಕದ ಮುದ್ರಣಗಳ ಕಥೆಯೇ ಸ್ವಾರಸ್ಯವಾದದ್ದು. ಕಾರ್ಬೆಟ್ ಮೊದಲು 1935ರಲ್ಲಿ ‘ಜಂಗಲ್ ಸ್ಟೋರೀಸ್’ ಎಂಬ ಹೆಸರಿನಲ್ಲಿ ನೈನಿತಾಲದಲ್ಲಿ ಕೇವಲ 100 ಪ್ರತಿಗಳನ್ನು ಸ್ವಂತಕ್ಕಾಗಿ ಅಚ್ಚು ಹಾಕಿಸಿದನು. ಅದನ್ನು ಹಿಗ್ಗಿಸಿ 1944ರಲ್ಲಿ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ಸಿನ ಮುಂಬಯಿ ಶಾಖೆ ಪ್ರಕಟಿಸಿತು. ಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರ ನೆರವಿಗಾಗಿ ಆ ಪುಸ್ತಕದ ಗಳಿಕೆ ಮೀಸಲಾಗಿತ್ತು. 1946ರಲ್ಲಿ ಅಮೆರಿಕೆಯ ಪುಸ್ತಕ ಸಂಘವೊಂದು ಅದನ್ನು ಆಯ್ದುಕೊಂಡ ಮೇಲೆ ಕಾರ್ಬೆಟ್ಟನ ಹೆಸರು ಜಗತ್ತಿಗೆಲ್ಲ ಮುಟ್ಟಿತು. ಆದರೆ ಇಂದಿಗೂ ಮೂಲ ಮುದ್ರಣವನ್ನು ಬಯಸುವವನು ಲಂಡನ್ನನ್ನೂ ನ್ಯೂಯಾರ್ಕನ್ನೂ ಬಿಟ್ಟು ಮುಂಬಯಿಯ ಪ್ರತಿಯನ್ನೇ ಹುಡುಕಬೇಕು. ನಮ್ಮ ದೇಶದಲ್ಲಿ ಬರೆದು, ನಮ್ಮ ದೇಶದಲ್ಲಿಯೇ ಅಚ್ಚಾಗಿ, ಆ ಬಳಿಕ ಕಡಲು ದಾಟಿದ ಪುಸ್ತಕ ಅದು.

ಹಳೆಯ ಮುದ್ರಣದಿಂದ ತಿಳಿಯುವುದೇನು ಎಂಬುದಕ್ಕೆ ಇನ್ನೊಂದು ಉದಾಹರಣೆ ಕೊಡುತ್ತೇನೆ. ಎಡ್ಗರ್ ರೈಸ್ ಬರೋಸ್ ಎಂಬ ಅಮೆರಿಕನ್ ಲೇಖಕನ ಟಾರ್ಜನ್ನನನ್ನು ಬಲ್ಲದ ಮಕ್ಕಳಿಲ್ಲ. ಆ ಕಥೆ 1912ರಲ್ಲಿ ಒಂದು ಅಗ್ಗದ ಮಾಸಪತ್ರಿಕೆಯಲ್ಲಿ ಬಂದಿತು; 1914ರಲ್ಲಿ ಗ್ರಂಥವಾಯಿತು. ಪತ್ರಿಕೆಯ ಪಾಠದಲ್ಲಿ ಸಾಬೋರ್ ಎಂಬ ಮೃಗವು ಹುಲಿ. ಗ್ರಂಥದ ಪಾಠದಲ್ಲಿ ಅದೇ ಸಾಬೋರ್ ಹೆಣ್ಣು ಸಿಂಹ! ಆಫ್ರಿಕದಲ್ಲಿ ಹುಲಿಯಿಲ್ಲವೆಂದು ಓದುಗರು ಆಕ್ಷೇಪಿಸಿದ್ದರಿಂದ ಆದ ತಿದ್ದುಪಾಟು ಇದು. ಬರೋಸ್ ಆಫ್ರಿಕೆಯನ್ನು ಕಂಡವನೇ ಅಲ್ಲ. ಪಂಪಭಾರತದ ಪಾಠಾಂತರಗಳನ್ನು ನೋಡುವಾಗ ನಾವು ವಿದ್ಯಾರ್ಥಿಗಳಿಗೆ ಹೇಳುವ ಮಾತು ಇಲ್ಲಿಯೂ ಸಲ್ಲುತ್ತದೆ: ಪಾಠಾಂತರವೆಂದರೆ ಬರಿಯ ಅಕ್ಷರದೋಷವಲ್ಲ, ಬರೆದವನು ಏನನ್ನು ಬಲ್ಲ, ಏನನ್ನು ಕೇಳಿ ಬರೆದ ಎಂಬುದು ಅಲ್ಲಿ ಗೊತ್ತಾಗುತ್ತದೆ.

ಕಿಪ್ಲಿಂಗನೂ ತನ್ನ ಕಾಡನ್ನು ಕಣ್ಣಾರೆ ಕಂಡವನಲ್ಲ. 1894ರಲ್ಲಿ ಮ್ಯಾಕ್‌ಮಿಲನ್ ಸಂಸ್ಥೆ ಹೊರತಂದ ‘ಜಂಗಲ್ ಬುಕ್’, ಮರುವರ್ಷದ ಎರಡನೆಯ ಸಂಪುಟ, ಇವೆರಡನ್ನೂ ಆತ ಬರೆದದ್ದು ಅಮೆರಿಕೆಯ ಹಿಮದ ನಾಡಾದ ವರ್ಮಾಂಟಿನಲ್ಲಿ. ಮೌಗ್ಲಿಯ ಸಿವನಿ ಬೆಟ್ಟಗಳನ್ನು ಅವನು ಸ್ಟರ್ನ್‌ಡೇಲ್ ಎಂಬ ಅಧಿಕಾರಿಯ 1877ರ ಪುಸ್ತಕದಿಂದ ತೆಗೆದುಕೊಂಡನು. ಮೊದಲ ಮುದ್ರಣದ ನೀಲಿ ಬಟ್ಟೆಯ ರಟ್ಟಿನ ಮೇಲೆ ಚಿನ್ನದ ಬಣ್ಣದ ಆನೆಗಳಿವೆ. ಒಳಗಿನ ಚಿತ್ರಗಳಲ್ಲಿ ಕೆಲವು ಅವನ ತಂದೆ ಲಾಕ್‌ವುಡ್ ಕಿಪ್ಲಿಂಗ್ ಬರೆದವು. ತಂದೆ ಮುಂಬಯಿಯ ಕಲಾಶಾಲೆಯಲ್ಲಿ, ಬಳಿಕ ಲಾಹೋರಿನಲ್ಲಿ ದುಡಿದವರು. ಈ ದೇಶದ ಕುಶಲಕೆಲಸಗಳನ್ನೂ ಪ್ರಾಣಿಗಳನ್ನೂ ಹತ್ತಿರದಿಂದ ಬಲ್ಲವರು. ಮುಂದಿನ ಅಗ್ಗದ ಮುದ್ರಣಗಳು ಈ ಚಿತ್ರಗಳನ್ನು ಕೈಬಿಟ್ಟು ಬೇರೆ ಚಿತ್ರಗಳನ್ನು ಸೇರಿಸಿದಾಗ ಪುಸ್ತಕದ ಮುಖವೇ ಬದಲಾಯಿತು. ಚಲನಚಿತ್ರಗಳ ಮೌಗ್ಲಿಯನ್ನು ಮಾತ್ರ ನೋಡಿದವರು ಆ ಮೊದಲಿನ ಮುಖವನ್ನು ಕಂಡೇ ಇಲ್ಲ.

ಅದೇ ‘ಜಂಗಲ್ ಬುಕ್’ ನಮ್ಮ ಕನ್ನಡನಾಡಿಗೆ ಒಂದು ದಾರಿಯಿಂದ ಬಂದು ಸೇರುತ್ತದೆ. ಅದರಲ್ಲಿ ಆನೆಗಳ ತೂಮಾಯ್ ಎಂಬ ಹುಡುಗನ ಕಥೆಯಿದೆ. ಅಲ್ಲಿನ ಪೀಟರ್ಸನ್ ಸಾಹೇಬನ ಪಾತ್ರಕ್ಕೆ ಮೈಸೂರು ಸಂಸ್ಥಾನದಲ್ಲಿ ಖೆಡ್ಡಾ ನಡೆಸಿದ ಜಿ.ಪಿ. ಸ್ಯಾಂಡರ್ಸನ್ನನೇ ಮಾದರಿಯೆಂದು ಹೇಳುವುದುಂಟು. ಆ ಕಥೆ 1937ರಲ್ಲಿ ‘ಎಲಿಫೆಂಟ್ ಬಾಯ್’ ಎಂಬ ಚಿತ್ರವಾದಾಗ ತೂಮಾಯ್ ಆದವನು ಮೈಸೂರು ಸೀಮೆಯ ಕಾರಾಪುರದ ಸಾಬು ಎಂಬ ಬಾಲಕ. ಸ್ಯಾಂಡರ್ಸನ್ನನ ಸ್ವಂತ ಗ್ರಂಥ ‘ಥರ್ಟೀನ್ ಇಯರ್ಸ್ ಅಮಂಗ್ ದಿ ವೈಲ್ಡ್ ಬೀಸ್ಟ್ಸ್ ಆಫ್ ಇಂಡಿಯಾ’ 1878ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಬಿಳಿಗಿರಿರಂಗನ ಬೆಟ್ಟವನ್ನು ಆತ ‘ಬಿಲ್ಲಿಗ-ರಂಗನ್’ ಎಂದು ಬರೆಯುತ್ತಾನೆ. ಚಾಮರಾಜನಗರದ ಸೀಮೆಯಲ್ಲಿ ಬೀಡುಬಿಟ್ಟು, ಸೋಲಿಗರ, ಕುರುಬರ, ತೊರೆಯರ ಜೊತೆ ಕಾಡು ತಿರುಗಿದವನು. ಹೆಜ್ಜೆ ಹಿಡಿಯುವ ಅವರ ಜಾಣ್ಮೆಯನ್ನು ತೆರೆದ ಮನಸ್ಸಿನಿಂದ ಹೊಗಳಿದ್ದಾನೆ.

ಇದನ್ನು ಹೇಳುವುದಕ್ಕೆ ಕಾರಣವಿದೆ. ಸಾಹೇಬರ ಬೇಟೆಯ ಪುಸ್ತಕಗಳಲ್ಲಿ ನಮ್ಮ ಜನರಿಗೆ ಸ್ಥಾನವಿಲ್ಲ ಎಂದು ಸಾರಾಸಗಟಾಗಿ ಹೇಳಿಬಿಡುವುದು ಸುಲಭ. ಆದರೆ ಅದು ಪೂರ್ಣ ನಿಜವಲ್ಲ. ಕಾರ್ಬೆಟ್ ಕುಮಾಂವಿನ ಹಳ್ಳಿಗರನ್ನು ಹೆಸರು ಹಿಡಿದು ನೆನೆಯುತ್ತಾನೆ. ಬೆಂಗಳೂರಿನಲ್ಲಿ ಬಾಳಿದ ಕೆನೆತ್ ಆಂಡರ್ಸನ್ ತನ್ನ ಪೂಜಾರಿ ಗೆಳೆಯ ಬೈರನನ್ನೂ ಕಳ್ಳಬೇಟೆಗಾರ ರಂಗನನ್ನೂ ಪುಸ್ತಕದಿಂದ ಪುಸ್ತಕಕ್ಕೆ ಕರೆದುಕೊಂಡು ಹೋಗುತ್ತಾನೆ. 1954ರ ‘ನೈನ್ ಮ್ಯಾನ್-ಈಟರ್ಸ್ ಅಂಡ್ ಒನ್ ರೋಗ್’ ಮೊದಲುಗೊಂಡು, 1974ರಲ್ಲಿ ಆತ ತೀರಿಕೊಂಡ ಮೇಲೆ 1976ರಲ್ಲಿ ಬಂದ ‘ಜಂಗಲ್ಸ್ ಲಾಂಗ್ ಅಗೋ’ವರೆಗಿನ ಪುಸ್ತಕಗಳನ್ನು ಸಾಲಾಗಿ ಓದಿದರೆ ಇನ್ನೊಂದು ಸಂಗತಿಯೂ ಹೊಳೆಯುತ್ತದೆ: ಬಂದೂಕಿನ ಮಾತು ಕಡಮೆಯಾಗುತ್ತ, ಕಾಡಿನ ರಾತ್ರಿಯ ಮಾತು ಹೆಚ್ಚುತ್ತ ಹೋಗುತ್ತದೆ. ಎಲ್ಲವನ್ನೂ ಒಂದೇ ಸಂಪುಟದಲ್ಲಿ ಕಲಸಿ ಹಾಕಿದ ಈಚಿನ ಮುದ್ರಣಗಳಲ್ಲಿ ಈ ಬೆಳವಣಿಗೆ ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಬಿಡಿ ಬಿಡಿಯಾದ ಹಳೆಯ ಪ್ರತಿಗಳನ್ನು ವರ್ಷಕ್ರಮದಲ್ಲಿ ಜೋಡಿಸಿಟ್ಟುಕೊಂಡವನಿಗೆ ಅದು ತಾನಾಗಿ ಕಾಣುತ್ತದೆ.

ಹಾಗಾದರೆ ನಮ್ಮ ಬೆಳಗಾವಿ, ಖಾನಾಪುರಗಳ ಕಾಡಿಗೆ ಇಂಥ ಪುಸ್ತಕವಿಲ್ಲವೇ? ಕಾರ್ಬೆಟ್ ಕುಮಾಂವಿಗೆ ಮಾಡಿದ್ದನ್ನು, ಆಂಡರ್ಸನ್ ಸೇಲಂ, ಮೈಸೂರು, ಚಿತ್ತೂರುಗಳ ಕಾಡಿಗೆ ಮಾಡಿದ್ದನ್ನು ಖಾನಾಪುರಕ್ಕೆ ಮಾಡಿದ ಪ್ರಸಿದ್ಧ ಕಥೆಗಾರನೊಬ್ಬನು ನನಗೆ ದೊರೆತಿಲ್ಲ. ಆದರೆ ಈ ಸೀಮೆಯ ಕಾಡಿಗೆ ಬೇರೊಂದು ಬಗೆಯ ಹೊತ್ತಗೆಯಿದೆ. ನನ್ನ ಸಂಗ್ರಹದ ಕೇಂದ್ರವೆಂದು ನಾನು ಭಾವಿಸುವುದು ಅದನ್ನೇ. ಆದರೆ ಅದು ಕಥೆಯಲ್ಲ, ಒಂದು ಪಟ್ಟಿ.

ಅದನ್ನು ಬರೆದವನು ವಾಲ್ಟರ್ ಎಲಿಯಟ್. ಈ ಹೆಸರು ನಮ್ಮ ಜಿಲ್ಲೆಯ ಇತಿಹಾಸದಲ್ಲಿ ಮೊದಲು ಬರುವುದು 1824ರ ಕಿತ್ತೂರಿನಲ್ಲಿ. ಥ್ಯಾಕರೆ ಹತನಾದ ಕಾಲಕ್ಕೆ ಚೆನ್ನಮ್ಮ ರಾಣಿಯ ಕಡೆಯವರು ಸೆರೆಹಿಡಿದ ಇಬ್ಬರು ತರುಣ ಅಧಿಕಾರಿಗಳಲ್ಲಿ ಅವನೊಬ್ಬನು. ರಾಣಿ ಅವರಿಗೆ ಕೇಡು ಮಾಡದೆ ಕಾಪಾಡಿದ್ದು ಪ್ರಸಿದ್ಧವಾಗಿದೆ. ಹಾಗೆ ಬದುಕಿ ಉಳಿದ ಎಲಿಯಟ್ ಈ ಸೀಮೆಯಲ್ಲಿಯೇ ನಿಂತು ಕನ್ನಡ ಕಲಿತನು. ಊರೂರು ತಿರುಗಿ ಚಾಲುಕ್ಯರ, ಕದಂಬರ ಶಾಸನಗಳನ್ನು ನೂರುಗಟ್ಟಲೆ ಪ್ರತಿ ಮಾಡಿಸಿದನು. 1837ರಲ್ಲಿ ಆತ ಬರೆದ ಶಾಸನಲೇಖನ ಕನ್ನಡನಾಡಿನ ಅರಸುಮನೆತನಗಳ ಇತಿಹಾಸಕ್ಕೆ ಹಾಕಿದ ಮೊದಲ ತಳಪಾಯಗಳಲ್ಲೊಂದು. ಮುಂದೆ ಫ್ಲೀಟ್ ಸಾಹೇಬರು ಅವನ ಪ್ರತಿಗಳ ಮೇಲೆಯೇ ಕೆಲಸ ಮಾಡಿದರು. ಇದು ಕನ್ನಡ ವಿದ್ಯಾರ್ಥಿಗಳೆಲ್ಲ ಬಲ್ಲ ಸಂಗತಿ.

ಅವರು ಅಷ್ಟಾಗಿ ಅರಿಯದ್ದು ಇದು. ಅದೇ ಎಲಿಯಟ್ ದೊಡ್ಡ ಬೇಟೆಗಾರನೂ ಪ್ರಾಣಿಶಾಸ್ತ್ರಜ್ಞನೂ ಆಗಿದ್ದನು. 1839ರಲ್ಲಿ ಮದರಾಸಿನ ವಿದ್ವತ್ಪತ್ರಿಕೆಯೊಂದರಲ್ಲಿ ಅವನು ಆಗ ದಕ್ಷಿಣ ಮರಾಠಾ ಪ್ರಾಂತವೆಂದು ಕರೆಸಿಕೊಳ್ಳುತ್ತಿದ್ದ ಈ ಸೀಮೆಯ ಸಸ್ತನಿಗಳ ಪಟ್ಟಿಯನ್ನು ಪ್ರಕಟಿಸಿದನು. ಲ್ಯಾಟಿನ್ ಹೆಸರಿನ ಕೆಳಗೆ ಜನರ ಬಾಯಲ್ಲಿದ್ದ ಹೆಸರನ್ನೂ ಕೊಟ್ಟನು. ಹುಲಿ, ಚಿರತೆಗಳು ಹೇಗೂ ಅಲ್ಲಿವೆ. ಆದರೆ ಅವನ ಕಣ್ಣು ಹೆಚ್ಚಾಗಿ ನೆಟ್ಟದ್ದು ಯಾವ ಶಿಕಾರಿಯೂ ಲಕ್ಷಿಸದ ಇಲಿಗಳ ಮೇಲೆ. ಪೊದೆಗಳಲ್ಲಿ ಬಾಳುವ ಒಂದು ಇಲಿಯನ್ನು ಕನ್ನಡಿಗರು ಗುಲಂದಿ ಎನ್ನುತ್ತಿದ್ದರು. ಆ ಮಾತಿನಿಂದಲೇ ಲಂಡನ್ನಿನ ಗ್ರೇ ಎಂಬ ವಿದ್ವಾಂಸನು 1837ರಲ್ಲಿ ‘ಗೊಲುಂಡ’ ಎಂಬ ಕುಲನಾಮವನ್ನು ಕಟ್ಟಿದನು. ಆ ಇಲಿಯ ಶಾಸ್ತ್ರೀಯ ಹೆಸರು ಇಂದಿಗೂ ‘ಗೊಲುಂಡ ಎಲಿಯಟಿ’. ಇನ್ನೊಂದು ಹೊಲದಿಲಿಯನ್ನು ವಡ್ಡರು ‘ಮೆಟ್ಟಾಡೆ’ ಎನ್ನುತ್ತಿದ್ದರು. ಅದು ‘ಮೆಲ್ಟಾಡ’ ಎಂದಾಗಿ ಶಾಸ್ತ್ರಗ್ರಂಥಗಳಲ್ಲಿ ನಿಂತಿದೆ.

ಇದರ ಅರ್ಥವನ್ನು ಸ್ವಲ್ಪ ಆಲೋಚಿಸಬೇಕು. ಕಲ್ಲು ಒಡೆದು, ಮಣ್ಣು ಅಗೆದು, ಬಿಲ ತೋಡಿ ಇಲಿ ಹಿಡಿದು ಬದುಕಿದ ಒಬ್ಬ ವಡ್ಡನು ಯಾವ ಇಲಿ ಯಾವುದು ಎಂಬುದನ್ನು ಎಲಿಯಟ್ಟನಿಗೆ ತೋರಿಸಿರಬೇಕು. ಅವನ ಹೆಸರು ನಮಗೆ ಉಳಿದಿಲ್ಲ. ಆದರೆ ಅವನ ಮಾತು ಉಳಿಯಿತು. ಜಗತ್ತಿನ ಯಾವ ದೇಶದ ಪ್ರಾಣಿಶಾಸ್ತ್ರಜ್ಞನೂ ಆ ಇಲಿಯನ್ನು ಹೆಸರಿಸುವಾಗ ತನಗೆ ತಿಳಿಯದೆಯೇ ನಮ್ಮ ಸೀಮೆಯ ವಡ್ಡನ ಮಾತನ್ನು ಆಡುತ್ತಾನೆ. ಕಿತ್ತೂರು ಸೀಮೆಯ ಇತಿಹಾಸದಲ್ಲಿ ಇದಕ್ಕೊಂದು ಸಾಲು ಇರಬೇಡವೇ?

ಇನ್ನು ಖಾನಾಪುರಕ್ಕೇ ಬರೋಣ. ಮಲಪ್ರಭೆ ಹುಟ್ಟುವ ಕಣಕುಂಬಿ, ಜಾಂಬೋಟಿ, ಹೆಮ್ಮಡಗಾ, ಭೀಮಗಡ ಇವೆಲ್ಲ ಈ ತಾಲೂಕಿನವು. 1831ರ ಜನವರಿಯಲ್ಲಿ ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದ ನಂದಗಡವೂ ಇಲ್ಲಿಯದೇ. ಎಲಿಯಟ್ ಶಾಸನಗಳನ್ನೂ ಪ್ರಾಣಿಗಳನ್ನೂ ಹುಡುಕುತ್ತಿದ್ದ ಆ ವರ್ಷಗಳಲ್ಲಿಯೇ ರಾಯಣ್ಣನಿಗೂ ಅವನ ಜೊತೆಗಾರರಿಗೂ ಈ ಕಾಡು ಅಡಗುತಾಣವಾಗಿತ್ತು. ಒಂದೇ ಕಾಡು ಒಬ್ಬನಿಗೆ ಶಿಕಾರಿಯ ನೆಲ, ಮತ್ತೊಬ್ಬನಿಗೆ ಕೋಟೆ. ಲಂಡನ್ನಿನಲ್ಲಿ ಅಚ್ಚಾದ ಶಿಕಾರಿಯ ಪುಸ್ತಕಗಳನ್ನಷ್ಟೇ ಓದಿದರೆ ಎರಡನೆಯದು ತಿಳಿಯುವುದಿಲ್ಲ. ಲಾವಣಿಯನ್ನಷ್ಟೇ ಕೇಳಿದರೆ ಮೊದಲನೆಯದು ತಿಳಿಯುವುದಿಲ್ಲ.

ಮುಂದೆ 1911ರ ಸುಮಾರಿಗೆ ಮುಂಬಯಿಯ ನಿಸರ್ಗ ಇತಿಹಾಸ ಸಂಘ ದೇಶದ ಸಸ್ತನಿಗಳ ಸಮೀಕ್ಷೆಯನ್ನು ಕೈಗೊಂಡಿತು. ಅದರ ಫಲವಾಗಿ ಖಾನಾಪುರದ ತಳೇವಾಡಿಯ ಬಳಿಯ ಬಾರಾಪೇಡೆ ಗುಹೆಗಳಲ್ಲಿ ಎಸ್.ಎಚ್. ಪ್ರೇಟರ್ ಎಂಬ ತರುಣನಿಗೆ ವಿಲಕ್ಷಣವಾದ ದೊಡ್ಡ ಕಿವಿಯ ಬಾವಲಿಯೊಂದು ಸಿಕ್ಕಿತು. 1913ರಲ್ಲಿ ಲಂಡನ್ನಿನ ಓಲ್ಡ್‌ಫೀಲ್ಡ್ ಥಾಮಸ್ ಅದನ್ನು ಹೊಸ ಜಾತಿಯೆಂದು ವರ್ಣಿಸಿ, ಮುಂಬಯಿ ಪ್ರಾಂತದ ಅರಣ್ಯಾಧಿಕಾರಿಯಾಗಿದ್ದ ರೌಟನ್ನನ ಹೆಸರಿಟ್ಟನು. ಬಹು ದಶಕಗಳ ತನಕ ಆ ಬಾವಲಿಯ ನೆಲೆ ಜಗತ್ತಿನಲ್ಲಿ ಆ ಗುಹೆಗಳೊಂದೇ ಎಂದು ತಿಳಿಯಲಾಗಿತ್ತು. ಮೇಘಾಲಯದಲ್ಲಿ, ಕಾಂಬೋಡಿಯದಲ್ಲಿ ಅದು ಕಂಡುಬಂದದ್ದು ಈಚೆಗೆ. ಅದೇ ಪ್ರೇಟರ್ 1948ರಲ್ಲಿ ‘ದಿ ಬುಕ್ ಆಫ್ ಇಂಡಿಯನ್ ಅನಿಮಲ್ಸ್’ ಎಂಬ ಗ್ರಂಥವನ್ನು ಹೊರತಂದನು. ಹುಲಿಕಥೆಗಳ ಕಪಾಟಿನಲ್ಲಿ ನಾನು ಆ ಗ್ರಂಥವನ್ನೂ ಇಟ್ಟಿದ್ದೇನೆ. ಕತ್ತಲೆಯ ಗುಹೆಯೊಳಗೆ ದೀಪ ಹಿಡಿದು ನುಗ್ಗಿ ಬಾವಲಿ ಹಿಡಿಯುವುದು ಸಾಹಸವಲ್ಲವೆಂದು ಯಾರು ಹೇಳುವರು?

ಆ ಗುಹೆಗೆ ದಾರಿ ತೋರಿಸಿದವರು ಯಾರು? ಈ ಪ್ರಶ್ನೆ ನನ್ನ ತಲೆಯಲ್ಲಿ ಹುಟ್ಟಿದ್ದಲ್ಲ. 1990ರ ದಶಕದ ಕೊನೆಯಲ್ಲಿ ಖಾನಾಪುರ ತಾಲೂಕಿನ ಒಂದು ಹಳ್ಳಿಯಲ್ಲಿ, ತಾರುಣ್ಯದಲ್ಲಿ ಶಿಕಾರಿಗಳ ಜೊತೆ ಕಾಡು ಸೋಸಿದ್ದ ಮುದುಕರೊಬ್ಬರಿಗೆ ಹಳೆಯ ಬೇಟೆಯ ಪ್ರಸಂಗವೊಂದನ್ನು ನಾನು ಕನ್ನಡದಲ್ಲಿ ಹೇಳುತ್ತ ಕುಳಿತಿದ್ದೆನು. ಅವರು ಎಲ್ಲವನ್ನೂ ಕೇಳಿ, ಗಾಳಿಯ ದಿಕ್ಕು, ಅಟ್ಟಣೆಯ ಎತ್ತರ ಸರಿಯಿದೆಯೆಂದು ಒಪ್ಪಿ, “ಹಾಕಾ ಹೊಡದವರು ಯಾರ್‍ಯಾರು ಇದ್ರಂತ ಬರದಾರೇನ್ರಿ ಸರ?” ಎಂದು ಕೇಳಿದರು. “ಐವತ್ತು ಮಂದಿ ಅಂತ ಬರದಾರ ಅಜ್ಜಾರ, ಹೆಸರು ಬರದಿಲ್ಲ” ಎಂದೆನು. ಅವರು ತಮ್ಮ ತಂದೆಯ ಕಾಲದ ಹಾಕಾದವರ ಹೆಸರುಗಳನ್ನು ಬೆರಳು ಮಡಚಿ ಹೇಳತೊಡಗಿದರು. ಹದಿನೇಳು ಹೆಸರುಗಳಾದವು. ಒಬ್ಬನನ್ನು ಕರಡಿ ಹಿಡಿದದ್ದು, ಒಬ್ಬನ ಕಾಲಿಗೆ ಚರ್ರೆಗುಂಡು ತಾಗಿ ಕುಂಟನಾದದ್ದು, ಅದಕ್ಕೆ ಅವನಿಗೆ ದೊರೆತ ಹತ್ತು ರೂಪಾಯಿ, ಎಲ್ಲವೂ ಅವರ ನೆನಪಿನಲ್ಲಿದ್ದವು. ಸೋಹು ಎಂದು ರಾಘವಾಂಕನ ಕಾವ್ಯದಲ್ಲಿ ನಾನು ಅರ್ಥ ಹೇಳಿದ ಮಾತಿಗೆ ಹದಿನೇಳು ಮುಖಗಳು ಅಂದು ಮೂಡಿದವು. ಆ ಹೆಸರುಗಳನ್ನು ನಾನು ಬರೆದುಕೊಂಡು ಬಂದು ನನ್ನ ಸ್ಯಾಂಡರ್ಸನ್ನನ ಪ್ರತಿಯ ಪಕ್ಕದಲ್ಲಿ ಇಟ್ಟಿದ್ದೇನೆ.

ಕನ್ನಡ ಲೇಖಕರು ಈ ಕೊರತೆಯನ್ನು ತಮ್ಮ ರೀತಿಯಲ್ಲಿ ತುಂಬಿದ್ದಾರೆ. ಕುವೆಂಪು ಅವರ ‘ಮಲೆನಾಡಿನ ಚಿತ್ರಗಳು’ 1933ರಲ್ಲಿ ಬಂದಾಗ ಬೇಟೆ ಮತ್ತೆ ಊರ ಜನರ ಸಾಮೂಹಿಕ ಸಂಭ್ರಮವಾಗಿ ಕನ್ನಡ ಗದ್ಯಕ್ಕೆ ಮರಳಿತು. ಕಾರಂತರ ‘ಕುಡಿಯರ ಕೂಸು’ 1951ರಲ್ಲಿ ಕಾಡಿನವರನ್ನೇ ಕಥಾನಾಯಕರನ್ನಾಗಿ ಮಾಡಿತು. ಪುತ್ತೂರಿನ ಕಡೆಯ ಕೆದಂಬಾಡಿ ಜತ್ತಪ್ಪ ರೈಗಳು ತಮ್ಮ ಬೇಟೆಯ ನೆನಪುಗಳನ್ನು ತಾವೇ ಬರೆದರು. ಆಂಡರ್ಸನ್ನನ ಕಥೆಗಳನ್ನು ಪೂರ್ಣಚಂದ್ರ ತೇಜಸ್ವಿಯವರು ‘ಕಾಡಿನ ಕಥೆಗಳು’ ಎಂದು ಕನ್ನಡಕ್ಕೆ ತಂದಾಗ ಒಂದು ವಿಶೇಷ ನಡೆಯಿತು. ಇಂಗ್ಲಿಷ್ ಅಕ್ಷರಗಳಲ್ಲಿ ಸೊಟ್ಟಗಾಗಿದ್ದ ನಮ್ಮ ಊರುಗಳೂ ನಮ್ಮವರ ಹೆಸರುಗಳೂ ನೆಟ್ಟಗಾದವು. ಜನ ತಮ್ಮ ಮಾತನ್ನು ತಾವೇ ಆಡಿದರು. ಅನುವಾದವೆಂದರೆ ಪರಭಾಷೆಯದನ್ನು ತರುವುದು ಎಂದು ಹೇಳುತ್ತೇವೆ. ಇಲ್ಲಿ ನಮ್ಮಿಂದ ಹೋದದ್ದೇ ಮರಳಿ ಬಂದಿತು. ತೇಜಸ್ವಿಯವರ ಆ ಪುಟ್ಟ ಪುಸ್ತಕಗಳ ಮೊದಲ ಮುದ್ರಣಗಳನ್ನು ನಾನು ಲಂಡನ್ನಿನ ಮುದ್ರಣಗಳಷ್ಟೇ ಜೋಪಾನವಾಗಿ ಇಟ್ಟಿದ್ದೇನೆ. ಎಳೆಯರು ಯಾರಾದರೂ ಸಂಗ್ರಹ ಆರಂಭಿಸುವುದಾದರೆ ಅಲ್ಲಿಂದಲೇ ಆರಂಭಿಸಲಿ ಎಂಬುದು ನನ್ನ ಸಲಹೆ. ಬೆಲೆ ಕಡಮೆ, ಬೆಲೆಬಾಳುವುದು ಹೆಚ್ಚು.

ಸಂಗ್ರಹಿಸುವವರಿಗೆ ಇನ್ನೂ ಒಂದೆರಡು ಮಾತು. ನಮ್ಮ ಊರಿನ ಮಳೆಗಾಲ ಪುಸ್ತಕದ ಶತ್ರು. ಆಷಾಢ ಶ್ರಾವಣಗಳಲ್ಲಿ ಬಟ್ಟೆಯ ರಟ್ಟಿಗೆ ಬೂಷ್ಟು ಹಿಡಿಯುತ್ತದೆ. ಗೆದ್ದಲಂತೂ ಗೋಡೆಯಿಂದಲೇ ಬರುತ್ತದೆ. ಕಪಾಟನ್ನು ಗೋಡೆಗೆ ತಾಗಿಸದೆ ನಿಲ್ಲಿಸಬೇಕು, ಒಣಗಿದ ಬೇವಿನೆಲೆ ಇಡಬೇಕು, ಬಿಸಿಲು ಬಿದ್ದ ದಿನ ನೆರಳಿನಲ್ಲಿ ಗಾಳಿಗೆ ಬಿಚ್ಚಿಡಬೇಕು. ಹರಿದ ಹಾಳೆಗೆ ಅಂಟುಪಟ್ಟಿ ಹಚ್ಚಬಾರದು. ಹಿಂದಿನ ಒಡೆಯರ ಸಹಿಯನ್ನೂ ವಾಚನಾಲಯದ ಮುದ್ರೆಯನ್ನೂ ಕೊಳೆಯೆಂದು ಅಳಿಸಬಾರದು. ಪುಸ್ತಕ ಯಾರ ಕೈಯಿಂದ ಯಾರ ಕೈಗೆ ಬಂದಿತೆಂಬುದಕ್ಕೆ ಅವೇ ಸಾಕ್ಷಿ. ಮಾರುವವರ ದೃಷ್ಟಿಯಲ್ಲಿ ಅವು ಬೆಲೆ ತಗ್ಗಿಸುವ ಕಲೆಗಳು. ಇತಿಹಾಸಕಾರನ ದೃಷ್ಟಿಯಲ್ಲಿ ಅವು ದಾಖಲೆಗಳು.

1972ರ ವನ್ಯಜೀವಿ ಸಂರಕ್ಷಣಾ ಕಾನೂನು ಬಂದ ಮೇಲೆ ಬೇಟೆಯ ಯುಗ ಮುಗಿಯಿತು. ಅದು ಮುಗಿದದ್ದು ಒಳ್ಳೆಯದೇ ಆಯಿತು. 2011ರಲ್ಲಿ ಭೀಮಗಡದ ಸುಮಾರು 190 ಚದರ ಕಿಲೋಮೀಟರು ಕಾಡು ಅಭಯಾರಣ್ಯವೆಂದು ಘೋಷಿತವಾಯಿತು. ಬಾರಾಪೇಡೆಯ ಬಾವಲಿಗಳೂ ಅದರೊಳಗೆ ಬಂದವು. ಹುಲಿಗೂ ಬಾವಲಿಗೂ ಕಾನೂನಿನ ಆಸರೆ ದೊರೆತಿದೆ. ಆದರೆ ಆ ಕಾಡಿನ ಮನುಷ್ಯರ ನೆನಪಿಗೆ ಅಂಥ ಆಸರೆಯಿಲ್ಲ. ನನಗೆ ಹದಿನೇಳು ಹೆಸರು ಹೇಳಿದ ಅಜ್ಜನವರು ಈಗಿಲ್ಲ. ಅವರ ಊರಿನ ಮಕ್ಕಳು ಕೆಲಸಕ್ಕಾಗಿ ಬೆಳಗಾವಿಗೂ ಗೋವೆಗೂ ಹೋಗುತ್ತಾರೆ. ಹಾಕಾ ಎಂಬ ಮಾತು ಅವರಲ್ಲಿ ಬಹುಮಂದಿಗೆ ತಿಳಿಯದು.

ನನ್ನ ಪುಸ್ತಕಗಳನ್ನು ನನ್ನ ತರುವಾಯ ಒಂದು ಸಾರ್ವಜನಿಕ ಗ್ರಂಥಾಲಯಕ್ಕೆ ಸೇರಿಸಬೇಕೆಂದು ಮನೆಯವರಿಗೆ ಹೇಳಿಟ್ಟಿದ್ದೇನೆ. ಒಂದು ಷರತ್ತನ್ನೂ ಬರೆದಿಟ್ಟಿದ್ದೇನೆ: ಸ್ಯಾಂಡರ್ಸನ್, ಕಾರ್ಬೆಟ್, ಎಲಿಯಟ್ಟರ ಜೊತೆಗೆ ಆ ಹೆಸರುಗಳ ನೋಟುಪುಸ್ತಕವನ್ನೂ ಯಾದಿಯಲ್ಲಿ ಸೇರಿಸಿ, ಅದಕ್ಕೂ ಒಂದು ಕ್ರಮಸಂಖ್ಯೆ ಕೊಡಬೇಕು. ನಿಮ್ಮ ನಿಮ್ಮ ಮನೆಯ ಅಟ್ಟದ ಮೇಲೆಯೂ ಇಂಥ ಪುಸ್ತಕವೊಂದು ಇರಬಹುದು. ಜಗಲಿಯ ಮೇಲೆ ಅದನ್ನು ತಿದ್ದಬಲ್ಲ ಹಿರಿಯರೊಬ್ಬರು ಇರಬಹುದು. ಪುಸ್ತಕ ಇನ್ನೂ ಸ್ವಲ್ಪ ಕಾಲ ಕಾಯಬಲ್ಲದು. ಮೊದಲು ಹಿರಿಯರ ಹತ್ತಿರ ಹೋಗಿ ಕುಳಿತುಕೊಳ್ಳಿ, ಕಾಗದ ಲೇಖನಿಗಳು ನಿಮ್ಮ ಜೊತೆಗಿರಲಿ.